ಆಟದ ಗಣಕಕ್ಕೆ ಬಿಡಿಭಾಗಗಳು

ಬೆಂಗಳೂರಿನ ಟೌನ್ ಹಾಲಿಗೆ ಅನತಿದೂರದಲ್ಲಿ ಸದರ್ ಪತ್ರಪ್ಪ ರಸ್ತೆ ಎಂಬ ಇಕ್ಕಟ್ಟಾದ ರಸ್ತೆಯೊಂದಿದೆ. ಪೂರ್ತಿ ಹೆಸರು ಹೇಳಿದರೆ ಆಟೋದವರಿಗೂ ಒಂದು ಕ್ಷಣ ಯೋಚನೆಯಾಗುತ್ತದೆ, ಎಸ್.ಪಿ. ರೋಡ್ ಎಂದರೆ ಸಾಕು. ಗಣಕಯಂತ್ರದ ಬಿಡಿಭಾಗಗಳನ್ನು ತರಕಾರಿಯಂತೆ ಆರಿಸಿ ಕೊಳ್ಳಬಹುದಾದ ಸ್ಥಳ ಅದು. ಆರಿಸುವುದಕ್ಕೆ ಬರಬೇಕು, ಅಷ್ಟೆ. ಬದನೆಕಾಯಿಯಲ್ಲಿ ಹುಳುವಿದ್ದರೆ ಹೆಚ್ಚುವಾಗಲೇ ತಿಳಿಯುತ್ತದೆ. ಇಲ್ಲಿ ಕೊಂಡ ಪದಾರ್ಥದ ಹುಳುಕು ತಿಳಿಯುವುದಕ್ಕೆ ಒಂದು ಮಳೆಗಾಲ ಬರಬೇಕಾಗುತ್ತದೆ. ನನಗೆ ಹಾಗೆಯೇ ಆಯಿತು.

ನನ್ನ ತಂಗಿಯ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ. 2021ರಲ್ಲಿ ಅವನಿಗೊಂದು ಗಣಕಯಂತ್ರ ಬೇಕಾಯಿತು. ಪಾಠಕ್ಕೆ ಬೇಕು, ನಕ್ಷೆ ಬರೆಯುವುದಕ್ಕೆ ಬೇಕು, ಆಟವಾಡುವುದಕ್ಕೂ ಬೇಕು. ಮೂರನೆಯದನ್ನು ಅವನು ಮರೆಮಾಚಲಿಲ್ಲವೆಂಬುದು ಅವನ ಪ್ರಾಮಾಣಿಕತೆ. ಮನೆಯಲ್ಲಿ ಲೆಕ್ಕ ಬಲ್ಲವನು ನಾನೆಂಬ ನಂಬಿಕೆಯಿಂದ ತಂಗಿ ಹಣವನ್ನು ನನ್ನ ಕೈಯಲ್ಲಿಟ್ಟಳು. ನಾನು ಮಾಡಿದ್ದೇನು? ಯಂತ್ರದ ಮೆದುಳೆಂದು ಎಲ್ಲರೂ ಹೇಳುವ ಪ್ರೊಸೆಸರಿಗೆ ಅರ್ಧಕ್ಕಿಂತ ಹೆಚ್ಚು ಹಣ ಸುರಿದೆ. ಎಂಟು ಕೋರುಗಳ ಪ್ರೊಸೆಸರು. ಉಳಿದುದರಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಕಾರ್ಡು. ಹೊರಗಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ಟು ಕೊಂಡಾಗ ಅದರೊಳಗೆ ವಿದ್ಯುತ್ ಒದಗಿಸುವ ಡಬ್ಬಿ 'ಫ್ರೀ' ಎಂದರು, ಸಂತೋಷಪಟ್ಟೆ. ಮರುವರ್ಷ ಜೂನ್ ತಿಂಗಳ ಒಂದು ಸಂಜೆ, ಮಳೆಗೆ ಕರೆಂಟು ಹೋಗಿ ಬಂದಾಗ, ಆ ಡಬ್ಬಿಯಿಂದ ಸಣ್ಣ ಶಬ್ದವೂ ಸುಟ್ಟ ವಾಸನೆಯೂ ಬಂದುವು. ಅದು ತಾನೊಂದೇ ಹೋಗಲಿಲ್ಲ. ಮದರ್‌ಬೋರ್ಡನ್ನೂ ಪ್ರೊಸೆಸರನ್ನೂ ಕಾರ್ಡನ್ನೂ ಮೆಮೊರಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹುಡುಗ ನನಗೆ ಒಂದು ಮಾತೂ ಹೇಳಲಿಲ್ಲ. ಎಂಟು ತಿಂಗಳು ಸ್ನೇಹಿತರ ಮನೆಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಕುಳಿತು ತನ್ನ ನಕ್ಷೆಗಳನ್ನು ಮುಗಿಸಿಕೊಂಡ. ಅವನು ಬೈದಿದ್ದರೆ ನಾನು ಈ ವಿಷಯವನ್ನು ಇಷ್ಟು ಓದುತ್ತಿರಲಿಲ್ಲವೆಂದು ತೋರುತ್ತದೆ.

ಮುಂದಿನ ವರ್ಷ ತಂಗಿ ತನ್ನ ಚೀಟಿಯನ್ನು ಅವಧಿಗೆ ಮುಂಚೆಯೇ ಕೂಗಿ, ಅದರ ನಷ್ಟವನ್ನೂ ಹೊತ್ತು, ನಲವತ್ತೆಂಟು ಸಾವಿರ ರೂಪಾಯಿ ತಂದಳು. ಮತ್ತೆ ನನ್ನ ಕೈಗೇ ಕೊಟ್ಟಳು. ಆ ನಲವತ್ತೆಂಟು ಸಾವಿರವನ್ನು ಹೇಗೆ ಹಂಚಿದೆವು, ಹಾಗೆಯೇ ಏಕೆ ಹಂಚಿದೆವು ಎಂಬುದನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ. ನಡುವೆ ಕೆಲವು ಹೆಸರುಗಳು ಬಂದಾವು. ಶಿಫಾರಸಿಗಾಗಿ ಅಲ್ಲ, ಹೆಸರಿಲ್ಲದೆ ಈ ಮಾತು ಅರ್ಥವಾಗುವುದಿಲ್ಲವೆಂಬ ಕಾರಣಕ್ಕೆ.

ಮೊದಲು ಆಟವೆಂದರೇನೆಂಬುದನ್ನು ನೋಡಬೇಕು. ಪರದೆಯ ಮೇಲಿನ ಚಿತ್ರ ಚುಕ್ಕಿಗಳಿಂದ ಆದದ್ದು. ಸಾಮಾನ್ಯವಾದ ಪರದೆಯಲ್ಲಿ ಅಡ್ಡಲಾಗಿ 1920, ನೀಟವಾಗಿ 1080 ಚುಕ್ಕಿಗಳು, ಗುಣಿಸಿದರೆ 20,73,600. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಆಟದಲ್ಲಿ ಒಪ್ಪುವುದಿಲ್ಲ. ಸಿನಿಮಾ ನೋಡುವವನು ಸುಮ್ಮನೆ ಕುಳಿತಿರುತ್ತಾನೆ. ಆಡುವವನು ಕೈಯಿಂದ ಆಜ್ಞೆ ಕೊಟ್ಟು ಅದರ ಫಲಕ್ಕೆ ಕಾಯುತ್ತಾನೆ. ಆ ಕಾಯುವಿಕೆ ಕೈಗೆ ತಿಳಿಯಬಾರದೆಂದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಅಂದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕಿಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಸಿನಿಮಾದ ಚಿತ್ರ ಮೊದಲೇ ತೆಗೆದಿಟ್ಟದ್ದು. ಆಟದ ಚಿತ್ರ ಇನ್ನೂ ಹುಟ್ಟಿಲ್ಲ. ಆಟಗಾರ ಎಡಕ್ಕೆ ತಿರುಗಿದ ಮೇಲೆಯೇ ಎಡಗಡೆಯ ಮರ, ಅದರ ನೆರಳು, ನೀರಿನಲ್ಲಿ ಅದರ ಪ್ರತಿಬಿಂಬ, ಎಲ್ಲವನ್ನೂ ಬರೆಯಬೇಕು.

ಈ ಕೆಲಸವನ್ನು ಮಾಡುವವರು ಇಬ್ಬರು. ಅವರ ಸಂಬಂಧವನ್ನು ಹೇಳುವುದಕ್ಕೆ ನನಗೆ ಮದುವೆಮನೆಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಪ್ರೊಸೆಸರು ಅಡಿಗೆಮನೆಯ ಭಟ್ಟರ ತಂಡ. ನಾಲ್ಕು ಜನ, ಆರು ಜನ, ಎಂಟು ಜನ, ಇವರೇ ಕೋರುಗಳು. ಒಬ್ಬೊಬ್ಬರೂ ಸಕಲ ವಿದ್ಯಾಪಾರಂಗತರು, ಏನು ಆಗಬೇಕೆಂದು ತೀರ್ಮಾನಿಸುವವರು: ಶತ್ರು ಯಾವ ಕಡೆಯಿಂದ ಬಂದ, ಚೆಂಡು ಎಲ್ಲಿ ಬಿತ್ತು, ಗೋಡೆಗೆ ತಗುಲಿತೆ ಇಲ್ಲವೆ. ಗ್ರಾಫಿಕ್ಸ್ ಕಾರ್ಡು ಪಂಕ್ತಿಯಲ್ಲಿ ಬಡಿಸುವವರ ಪಡೆ. ಒಬ್ಬೊಬ್ಬನಿಗೂ ಬರುವ ವಿದ್ಯೆ ಸ್ವಲ್ಪವೇ. ಆದರೆ ಸಾವಿರಾರು ಜನ, ಎಲ್ಲರೂ ಒಟ್ಟಿಗೆ ಬಗ್ಗಿ ಬಡಿಸುತ್ತಾರೆ. 2021ರಲ್ಲಿ ಬಂದ ಎ.ಎಂ.ಡಿ. ಕಂಪನಿಯ ಆರ್‌ಎಕ್ಸ್ 6600 ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಇಂಥ 1792 ಘಟಕಗಳಿವೆ. ಕುಳಿತಿರುವುದು ಇಪ್ಪತ್ತು ಲಕ್ಷ ಎಲೆ, ಸೆಕೆಂಡಿಗೆ ಅರವತ್ತು ಪಂಕ್ತಿ. ಎಂಟು ಜನ ಪ್ರಖ್ಯಾತ ಭಟ್ಟರನ್ನು ಕರೆಸಿ, ಬಡಿಸುವುದಕ್ಕೆ ಇಬ್ಬರು ಹುಡುಗರನ್ನು ಬಿಟ್ಟರೆ ಊಟದ ಗತಿಯೇನು? 2021ರಲ್ಲಿ ನಾನು ಮಾಡಿದ್ದು ಅದನ್ನೇ. ಅಡಿಗೆಯೆಲ್ಲ ಸಿದ್ಧವಾಗಿ ಆರುತ್ತಿತ್ತು, ಎಲೆಗಳು ಬರಿದಾಗಿದ್ದುವು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನೂರು ಜನ ಬಕೆಟ್ಟು ಹಿಡಿದು ನಿಂತಿದ್ದಾರೆ, ಒಳಗೆ ಹುಳಿ ಇನ್ನೂ ಕುದಿ ಬಂದಿಲ್ಲ. ಆದರೆ ಕಡಮೆ ಹಣದವರು ಸಾಮಾನ್ಯವಾಗಿ ಮಾಡುವುದು ಮೊದಲನೆಯ ತಪ್ಪು. ಮೆದುಳೆಂಬ ಮಾತಿಗೆ ಅಷ್ಟು ಮೋಹವಿದೆ.

ಆದುದರಿಂದ ಲೆಕ್ಕವನ್ನು ಎಲೆಗಳಿಂದ, ಎಂದರೆ ಪರದೆಯಿಂದ, ಆರಂಭಿಸಬೇಕು. ಜನ ಪರದೆಯನ್ನು ಕೊನೆಗೆ ಯೋಚಿಸುತ್ತಾರೆ. ಅಡ್ಡಲಾಗಿ 3840, ನೀಟವಾಗಿ 2160 ಚುಕ್ಕಿಗಳಿರುವ ದೊಡ್ಡ ಪರದೆ ತಂದರೆ ಎಲೆಗಳ ಸಂಖ್ಯೆ ಸರಿಯಾಗಿ ನಾಲ್ಕರಷ್ಟಾಗುತ್ತದೆ. ಅಷ್ಟು ಬಡಿಸುವ ಕಾರ್ಡು ನಮ್ಮ ಹಣಕ್ಕೆ ಬರುವುದಿಲ್ಲ. ಹುಡುಗನ ಬಳಿ ಹಳೆಯ ಸಾಮಾನ್ಯ ಪರದೆಯಿತ್ತು, ಕೆಟ್ಟಿರಲಿಲ್ಲ. ಅದೇ ಇರಲಿ ಎಂದೆವು. ಆ ಒಂದು ತೀರ್ಮಾನದಿಂದ ಅರ್ಧ ಹಾದಿ ಸವೆದಂತಾಯಿತು.

ಇನ್ನು ಕಾರ್ಡು. 2021ರಲ್ಲಿ ಕಾರ್ಡುಗಳಿಗೆ ಜಗತ್ತಿನಲ್ಲೆಲ್ಲ ಬರಗಾಲ. ಚಿಪ್ಪುಗಳ ಕೊರತೆ ಒಂದು ಕಡೆ. ಇನ್ನೊಂದು ಕಡೆ, ಕ್ರಿಪ್ಟೋ ಎಂಬ ಅಂತರ್ಜಾಲದ ನಾಣ್ಯಗಳನ್ನು 'ಅಗೆಯುವವರು' ಸಿಕ್ಕ ಕಾರ್ಡುಗಳನ್ನೆಲ್ಲ ರಾಶಿಯಾಗಿ ಕೊಂಡು ಹಗಲೂ ರಾತ್ರಿ ಉರಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ನಾಣ್ಯ ತನ್ನ ಪದ್ಧತಿಯನ್ನು ಬದಲಿಸಿದಾಗ ಆ ಅಗೆತ ನಿಂತಿತು, ಬೆಲೆ ಇಳಿಯಿತು, ದುಡಿದು ದಣಿದ ಕಾರ್ಡುಗಳು ಹಳೆಯ ಸಾಮಾನಿನ ಪೇಟೆಗೆ ಬಂದುವು. ಅಂಥದೊಂದನ್ನು ನಾವೂ ನೋಡಿದೆವು. ಬೆಲೆ ಅರ್ಧದಷ್ಟು. ಒಂದು ಗಂಟೆ ಯಂತ್ರಕ್ಕೆ ಹಾಕಿ ತೋರಿಸಿರೆಂದರೆ ಮಾರುವವನು ಒಪ್ಪಲಿಲ್ಲ. ನಾವು ಎದ್ದು ಬಂದೆವು. ಹಳೆಯದನ್ನು ಕೊಳ್ಳಲೇಬಾರದೆಂದು ನನ್ನ ಮತವಲ್ಲ. ಪ್ರೊಸೆಸರನ್ನು ಹಳೆಯದಾದರೂ ಧೈರ್ಯವಾಗಿ ಕೊಳ್ಳಬಹುದು, ಅದು ಸುಲಭವಾಗಿ ಸವೆಯುವ ವಸ್ತುವಲ್ಲ. ಕಾರ್ಡನ್ನು ಪರಿಚಿತರಿಂದ, ಓಡಿಸಿ ನೋಡಿ, ಕೊಳ್ಳಬಹುದು. ವಿದ್ಯುತ್ತಿನ ಡಬ್ಬಿಯನ್ನು ಮಾತ್ರ ಯಾರು ಬಿಟ್ಟಿ ಕೊಟ್ಟರೂ ಹಳೆಯದು ಬೇಡ.

ಹೊಸ ಕಾರ್ಡುಗಳಲ್ಲಿ ದೊಡ್ಡ ಅಪಾಯ ಹೆಸರಿನದು. ನಮ್ಮಲ್ಲಿ ಒಂದೇ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿಗೆ ತಾತನ ಹೆಸರಿಡುವುದುಂಟು. ಅದರಿಂದ ಯಾರಿಗೂ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಎನ್‌ವಿಡಿಯಾ ಕಂಪನಿಯ ಜಿಟಿ 1030 ಎಂಬ ಸಣ್ಣ ಕಾರ್ಡು 2017ರಲ್ಲಿ ಬಂದಿತು. 2018ರಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಬಂದಿತು, ಮೆಮೊರಿಯ ಜಾತಿ ಮಾತ್ರ ಬೇರೆ. ಸೆಕೆಂಡಿಗೆ 48 ಗಿಗಾಬೈಟು ಸಾಗಿಸುತ್ತಿದ್ದ ಕಾಲುವೆ 17ಕ್ಕಿಂತ ಕಡಮೆಗೆ ಇಳಿದಿತ್ತು. ಡಬ್ಬದ ಮೇಲೆ ದೊಡ್ಡಕ್ಷರದ ಹೆಸರು ಒಂದೇ. ಹಾಗೆಯೇ ಆರ್‌ಟಿಎಕ್ಸ್ 3050. 2022ರಲ್ಲಿ ಬಂದದ್ದಕ್ಕೆ 8 ಗಿಗಾಬೈಟು ಮೆಮೊರಿ, 2560 ಘಟಕಗಳು. 2024ರಲ್ಲಿ ಅದೇ ಅಂಕದಿಂದ ಬಂದದ್ದಕ್ಕೆ 6 ಗಿಗಾಬೈಟು, 2304 ಘಟಕಗಳು, ಕಾಲುವೆಯೂ ಕಿರಿದು. ಈ ಎರಡನೆಯದಕ್ಕೆ ಒಂದು ಗುಣವಿದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು: ಅದು 70 ವಾಟಿನಲ್ಲಿ ತೃಪ್ತಿಪಡುತ್ತದೆ; ಬೇರೆ ವಿದ್ಯುತ್ ತಂತಿ ಬೇಡದೆ ಹಳೆಯ ಆಫೀಸು ಯಂತ್ರದೊಳಗೂ ಕೂರುತ್ತದೆ. ಆದರೆ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಯಾವುದೆಂದು ತಿಳಿದಿರಬೇಕಷ್ಟೆ.

ಇನ್ನೊಂದು ಸೂಕ್ಷ್ಮವಿದೆ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ಓಣಿಗಳಿವೆ. ದೊಡ್ಡ ಕಾರ್ಡುಗಳು ಹದಿನಾರು ಓಣಿಗಳನ್ನು ಬಳಸುತ್ತವೆ, ಆರ್‌ಎಕ್ಸ್ 6600 ಎಂಟನ್ನು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬುದಕ್ಕೆ ಇರುವುದು ನಾಲ್ಕೇ. ನಾಲ್ಕನೆಯ ಪೀಳಿಗೆಯ ಹೊಸ ಬೋರ್ಡಿನಲ್ಲಿ ಓಣಿಗಳು ಅಗಲವಾಗಿರುವುದರಿಂದ ನಾಲ್ಕಾದರೂ ನಡೆಯುತ್ತದೆ. ಮೂರನೆಯ ಪೀಳಿಗೆಯ ಬೋರ್ಡಿನಲ್ಲಿ ಅವುಗಳ ಅಗಲ ಅರ್ಧ. ಆ ಕಾರ್ಡಿನ ಸ್ವಂತ ಮೆಮೊರಿ 4 ಗಿಗಾಬೈಟು ಮಾತ್ರ, ಬೇಗ ತುಂಬುತ್ತದೆ. ತುಂಬಿದಾಗ ಆ ಓಣಿಗಳಿಂದಲೇ ಸಾಮಾನು ತರಿಸಬೇಕು. ಅಗ್ಗದ ಕಾರ್ಡು ಕೊಳ್ಳುವವನ ಬಳಿ ಇರುವುದು ಸಾಮಾನ್ಯವಾಗಿ ಹಳೆಯ ಬೋರ್ಡೇ. ಯಾರಿಗಾಗಿ ಮಾಡಿದರೋ ಅವರಿಗೇ ಒಗ್ಗದ ಪದಾರ್ಥವೆಂದರೆ ಇದು. ನಾವು ಆರ್‌ಎಕ್ಸ್ 6600 ತೆಗೆದುಕೊಂಡೆವು. 8 ಗಿಗಾಬೈಟು ಮೆಮೊರಿಯದು. ನಮ್ಮ ಹಣದಲ್ಲಿ ಇಪ್ಪತ್ತೊಂದು ಸಾವಿರ ಅದಕ್ಕೇ ಹೋಯಿತು. ತಂಗಿ ಬಿಲ್ಲು ನೋಡಿ, "ಅಣ್ಣಾ, ಇದೊಂದಕ್ಕೇ ಇಷ್ಟೇ?" ಎಂದಳು. ಹಿಂದಿನ ಸಲ ನಾನು ಬೇರೆ ಯಾವುದಕ್ಕೋ ಇಷ್ಟು ಕೊಟ್ಟಿದ್ದೆನೆಂಬುದನ್ನು ಅವಳು ನೆನಪಿಸಲಿಲ್ಲ.

ಪ್ರೊಸೆಸರಿಗೆ ಬಂದಾಗ ನಮ್ಮ ಮುಂದೆ ಎರಡು ಹೆಸರುಗಳಿದ್ದುವು. ಇಂಟೆಲಿನ ನಾಲ್ಕು ಕೋರಿನ ಐ3-12100ಎಫ್, ಎ.ಎಂ.ಡಿ.ಯ ಆರು ಕೋರಿನ ರೈಜ಼ನ್ 5 5600. ಎರಡೂ 2022ರಲ್ಲಿ ಬಂದವು. ಬರಿಯ ಆಟಕ್ಕೆ ಮೊದಲನೆಯದೇ ಸಾಕಾಗಿತ್ತು, ಹಣವೂ ಉಳಿಯುತ್ತಿತ್ತು. ಹುಡುಗನಿಗೆ ನಕ್ಷೆಯ ಕೆಲಸವೂ ಇದ್ದುದರಿಂದ ಆರು ಕೋರಿನದನ್ನು ಆರಿಸಿದೆವು. ಹೆಸರಿನ ಕೊನೆಯ ಒಂದು ಅಕ್ಷರ ಇಲ್ಲಿ ಬಹಳ ಅರ್ಥವುಳ್ಳದ್ದು. ಇಂಟೆಲಿನ ಹೆಸರಿಗೆ 'ಎಫ್' ಸೇರಿದ್ದರೆ ಅದರಲ್ಲಿ ಚಿತ್ರ ಬರೆಯುವ ಅಂಗವೇ ಇಲ್ಲ, ಕಾರ್ಡಿಲ್ಲದೆ ಪರದೆ ಬೆಳಗದು. ರೈಜ಼ನ್ 5600ರಲ್ಲಿಯೂ ಅದಿಲ್ಲ. 5600ಜಿ ಎಂಬುದರಲ್ಲಿ ಇದೆ. ಕಾರ್ಡಿಗೆ ಈ ವರ್ಷ ಹಣವಿಲ್ಲ, ಮುಂದಿನ ವರ್ಷ ಕೊಳ್ಳುತ್ತೇನೆನ್ನುವವರಿಗೆ ಆ 'ಜಿ' ಒಳ್ಳೆಯ ಆಸರೆ. ಹಗುರವಾದ ಆಟಗಳನ್ನು ಅದರಲ್ಲಿಯೇ ಆಡಿಕೊಂಡಿರಬಹುದು.

ಮದರ್‌ಬೋರ್ಡಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರೊಸೆಸರು ಕೂರುವ ಗೂಡು ಸರಿಹೊಂದಬೇಕು, ಅಷ್ಟೆ. ಮಿನುಗುವ ದೀಪಗಳಿಗೆ ಕೊಟ್ಟ ಹಣದಿಂದ ಒಂದು ಚುಕ್ಕಿಯೂ ಹೆಚ್ಚು ಮೂಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಾವು ಕೊಂಡ ಬಿ450 ಜಾತಿಯ ಬೋರ್ಡು 2018ರ ವಿನ್ಯಾಸ, ಪ್ರೊಸೆಸರು 2022ರದು. ಬಹಳ ದಿನ ಗೋದಾಮಿನಲ್ಲಿದ್ದ ಬೋರ್ಡಾದರೆ ತನಗಿಂತ ಕಿರಿಯನಾದ ಪ್ರೊಸೆಸರನ್ನು ಅದು ಗುರುತಿಸುವುದೇ ಇಲ್ಲ. ಅದರೊಳಗಿನ ಬಯಾಸ್ ಎಂಬ ಮೂಲ ಆಜ್ಞಾವಳಿಯನ್ನು ಹೊಸದಾಗಿಸಬೇಕು. ಅಂಗಡಿಯಲ್ಲಿಯೇ ಅದನ್ನು ಮಾಡಿಸಿಕೊಂಡೆವು. ಮನೆಗೆ ತಂದ ಮೇಲೆ ತಿಳಿದಿದ್ದರೆ ಅದೊಂದು ಪ್ರಹಸನವಾಗುತ್ತಿತ್ತು.

ಮೆಮೊರಿಯನ್ನು, ಎಂದರೆ ರ್‍ಯಾಮನ್ನು, 16 ಗಿಗಾಬೈಟಿನ ಒಂದು ಪಟ್ಟಿಯಾಗಿ ಕೊಳ್ಳಬೇಡಿ. ಎಂಟೆಂಟರ ಎರಡು ಪಟ್ಟಿಗಳಾಗಿ ಕೊಳ್ಳಿ. ಅಡಿಗೆಮನೆಗೂ ಉಗ್ರಾಣಕ್ಕೂ ನಡುವೆ ಎರಡು ಬಾಗಿಲುಗಳಿರುವಾಗ ಒಂದನ್ನು ಮುಚ್ಚಿ ಏಕೆ ನುಗ್ಗಾಡಬೇಕು? ನಾಲ್ಕು ಸಂದುಗಳಿರುವ ಬೋರ್ಡಿನಲ್ಲಿ ಪಟ್ಟಿಗಳು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸಂದಿನಲ್ಲಿ ಕೂರಬೇಕು. ಪಕ್ಕಪಕ್ಕದಲ್ಲಿ ಕೂರಿಸಿದರೆ ಯಂತ್ರ ನಡೆಯುತ್ತದೆ, ಆದರೆ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ. 2023ರಲ್ಲಿ ಈ ಪಟ್ಟಿಗಳು ಅಗ್ಗವಾಗಿದ್ದುವು; ಎರಡಕ್ಕೂ ಸೇರಿ ಮೂರು ಸಾವಿರ ಚಿಲ್ಲರೆ ಕೊಟ್ಟೆವು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಗಾರಗಳಿಗೆ ತಯಾರಕರು ಮೆಮೊರಿಯನ್ನು ತಿರುಗಿಸಿದ್ದರಿಂದ, ಅದರ ಬೆಲೆ ಕೆಲವೇ ವಾರಗಳಲ್ಲಿ ಇಮ್ಮಡಿಗೂ ಮೀರಿ ಏರಿತು. ಆದುದರಿಂದ ನಾನು ಹೇಳುವ ರೂಪಾಯಿಗಳನ್ನು ಬರೆದುಕೊಳ್ಳಬೇಡಿ. ಯಾವುದಕ್ಕೆ ಮೊದಲು ಕೈಹಾಕಬೇಕೆಂಬ ಕ್ರಮವನ್ನಷ್ಟು ನೆನಪಿಡಿ.

ಇನ್ನು ನನ್ನನ್ನು ಮೋಸಗೊಳಿಸಿದ ಡಬ್ಬಿ. ಪೇಟೆಯಲ್ಲಿ ಅದನ್ನು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ, ನೇರ ಪ್ರವಾಹವಾಗಿ ಒದಗಿಸುವುದು ಅದರ ಕೆಲಸ. ಪ್ರೊಸೆಸರೂ ಕಾರ್ಡೂ ಉಣ್ಣುವುದು ಮುಖ್ಯವಾಗಿ 12 ವೋಲ್ಟಿನಿಂದ. ಸುಟ್ಟ ಡಬ್ಬಿಯನ್ನು ನಾನು ಎಸೆದಿರಲಿಲ್ಲ. ಒಂದು ದಿನ ಕನ್ನಡಕ ಹಾಕಿಕೊಂಡು ಅದರ ಮೈಮೇಲಿನ ಚೀಟಿಯನ್ನು ಓದಿದೆ. ಮೇಲೆ ದಪ್ಪಕ್ಷರದಲ್ಲಿ 450 ವಾಟು. ಕೆಳಗೆ ಸಣ್ಣಕ್ಷರದ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 18 ಆಂಪಿಯರು. ಹನ್ನೆರಡು ಹದಿನೆಂಟಲಿ ಇನ್ನೂರ ಹದಿನಾರು. ಉಳಿದ ವಾಟುಗಳು ಯಾರಿಗೂ ಬೇಡದ ಕಡೆ ಇದ್ದುವು, ಅಥವಾ ಕಾಗದದ ಮೇಲೆ ಮಾತ್ರ ಇದ್ದುವು. ಈ ಗುಣಾಕಾರವನ್ನು ಮೂರನೆಯ ತರಗತಿಯ ಮಗು ಮಾಡೀತು. ನಾನು ಕೊಳ್ಳುವಾಗ ಮಾಡಲಿಲ್ಲ. ಕೈಯಲ್ಲಿ ಹಿಡಿದು ನೋಡಿದರೂ ತಿಳಿಯುತ್ತಿತ್ತು, ಅಷ್ಟು ಹಗುರ.

'80 ಪ್ಲಸ್' ಎಂಬ ಮುದ್ರೆಯನ್ನು ಕೆಲವು ಡಬ್ಬಿಗಳ ಮೇಲೆ ನೋಡಿರುತ್ತೀರಿ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಒಳಗೆ ತಲಪುತ್ತದೆ, ಉಳಿದದ್ದು ಮಾತ್ರ ಶಾಖವಾಗಿ ಹೋಗುತ್ತದೆ ಎಂದು ಅದರ ಅರ್ಥ. ಮುದ್ರೆ ಮಿತವ್ಯಯದ್ದೇ ಹೊರತು ರಕ್ಷಣೆಯದಲ್ಲ. ವೋಲ್ಟು ಏರಿದಾಗ, ತಂತಿಗಳು ಒಂದಕ್ಕೊಂದು ತಾಗಿದಾಗ, ತಾನೇ ಆರಿಕೊಂಡು ಉಳಿದವರನ್ನು ಕಾಯುವ ಗುಣ ಇದೆಯೇ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕು. ತಯಾರಕನು ಐದು ವರ್ಷದ ಭರವಸೆ ಬರೆದುಕೊಡುತ್ತಾನೆಯೇ ಎಂದು ಕೇಳುವುದು ನನಗೆ ತಿಳಿದ ಸುಲಭೋಪಾಯ. ನಮ್ಮ ಕಾರ್ಡಿಗೆ 132 ವಾಟು. ಪ್ರೊಸೆಸರು 65 ವಾಟಿನ ದರ್ಜೆಯದು, ಒತ್ತಡ ಬಿದ್ದಾಗ ಇನ್ನೂ ಸ್ವಲ್ಪ ಹೆಚ್ಚು. ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ 250 ಎಂದುಕೊಳ್ಳಿ. 550 ವಾಟಿನ ಒಳ್ಳೆಯ ಡಬ್ಬಿಯೊಂದಕ್ಕೆ ನಾಲ್ಕು ಸಾವಿರ ಕೊಟ್ಟೆವು. ಅದರಿಂದ ಆಟದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಅದಕ್ಕೇ ಜನ ಅಲ್ಲಿ ಉಳಿತಾಯಕ್ಕೆ ಹೊರಡುತ್ತಾರೆ.

ಡಬ್ಬಿ ಎಷ್ಟು ಒಳ್ಳೆಯದಾದರೂ ಮನೆಯ ಗೋಡೆ ಸರಿಯಾಗಿರಬೇಕಲ್ಲ? ತಂಗಿಯದು ಹಳೆಯ ಬಾಡಿಗೆಮನೆ. ಗೋಡೆಯ ಮೂರು ತೂತಿನ ಪ್ಲಗ್ಗಿನಲ್ಲಿ ಮೂರನೆಯದು ಅಲಂಕಾರಕ್ಕೆ ಮಾತ್ರ ಇತ್ತು. ಹಿಂದೆ ಅರ್ತಿಂಗಿನ ತಂತಿಯೇ ಇರಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದನ್ನು ಮೊದಲು ಸರಿಪಡಿಸಿದೆವು. ಮನೆಯ ಯಜಮಾನರು ಖರ್ಚು ಕೊಡಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಕ್ಯಾಬಿನೆಟ್ಟು ಹಳೆಯದೇ ಇರಲೆಂದೆವು. ಮುಂಭಾಗ ಗಾಜಿನದು, ನೋಡುವುದಕ್ಕೆ ಚೆನ್ನ, ಗಾಳಿಗೆ ದಾರಿಯಿಲ್ಲ. ಹುಡುಗ ಆ ಗಾಜನ್ನು ಬಿಚ್ಚಿ, ಸೊಳ್ಳೆಪರದೆಯ ಜಾಲರಿ ಹಾಕಿ, ಒಂದು ಫ್ಯಾನನ್ನು ಕೂರಿಸಿದ. ಸುಟ್ಟ ಯಂತ್ರದಿಂದ ಉಳಿದು ಬಂದ ಇನ್ನೊಂದು ವಸ್ತುವೆಂದರೆ ಎಸ್.ಎಸ್.ಡಿ. ಎಂಬ ಶೇಖರಣೆಯ ಅಂಗ. ಅದು ಬದುಕಿದೆಯೋ ಇಲ್ಲವೋ ಎಂಬುದು ಯಂತ್ರ ಕೂಡಿಸಿದ ಮೇಲೆಯೇ ತಿಳಿಯಬೇಕಾಗಿತ್ತು. ಅವನ ಮೊದಲ ವರ್ಷದ ನಕ್ಷೆಗಳೆಲ್ಲ ಅದರಲ್ಲಿದ್ದುವು.

2023ರ ಫೆಬ್ರವರಿಯ ಒಂದು ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ಗುಂಡಿ ಒತ್ತಿದೆವು. ಫ್ಯಾನುಗಳು ತಿರುಗಿದುವು, ಪರದೆ ಕಪ್ಪಾಗಿಯೇ ಇತ್ತು. ತಂಗಿ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನನಗೆ ಸುಟ್ಟ ವಾಸನೆ ಬಂದಂತೆಯೇ ಆಯಿತು. ಹುಡುಗ ಬಗ್ಗಿ ಯಂತ್ರದ ಬೆನ್ನನ್ನು ನೋಡಿ, "ಮಾವ, ಪರದೆಯ ಕೇಬಲ್ಲನ್ನು ಬೋರ್ಡಿಗೆ ಹಾಕಿಬಿಟ್ಟಿದ್ದೀರಿ. ಅದು ಕಾರ್ಡಿಗೆ ಬರಬೇಕು" ಎಂದ. ಈ ಪ್ರೊಸೆಸರಿನಲ್ಲಿ ಚಿತ್ರ ಬರೆಯುವ ಅಂಗವಿಲ್ಲವೆಂದು ಅವನಿಗೆ ವಿವರಿಸಿದ್ದವನು ನಾನೇ. ಅವನು ಕೇಬಲ್ಲನ್ನು ಕೆಳಗಿನ ಕಿಂಡಿಗೆ ಬದಲಿಸಿದ. ಪರದೆ ಬೆಳಗಿತು.

ಮೆಮೊರಿ 3200ರ ವೇಗದ್ದಾದರೂ 2400ರಲ್ಲಿ ನಡೆಯುತ್ತಿತ್ತು. ಬಯಾಸಿನೊಳಗೆ ಹೋಗಿ ಒಂದು ಆಯ್ಕೆಯನ್ನು ಒತ್ತುವವರೆಗೂ ಅದು ಹಾಗೆಯೇ ನಿಧಾನವಾಗಿರುತ್ತದಂತೆ, ಅದನ್ನೂ ಸರಿಪಡಿಸಿದ. ಆಮೇಲೆ ಹಳೆಯ ಎಸ್.ಎಸ್.ಡಿ.ಯನ್ನು ತೆರೆದು ನೋಡಿದ. ನಕ್ಷೆಗಳು ಇದ್ದುವು. ಆಟ ಪ್ರಾರಂಭವಾಗುವಾಗ ರಾತ್ರಿ ಹತ್ತೂವರೆ. ಒಂದು ಗಂಟೆಯ ಹೊತ್ತಿಗೆ ತಂಗಿ ಮೇನ್ ಸ್ವಿಚ್ಚನ್ನೇ ಆರಿಸುತ್ತೇನೆಂದು ಹೆದರಿಸಬೇಕಾಯಿತು. ಆಗಲೂ ಅವನು, "ಹಾಗೆ ಒಮ್ಮೆಲೇ ಆರಿಸಬಾರದಮ್ಮಾ" ಎಂದು ಯಂತ್ರದ ಪರವಾಗಿಯೇ ವಾದಿಸಿದ.